ಕುಸ್ತುಂತುನಿಯದ ಪರದೇಶಿ ವ್ಯಾಪಾರಿಗಳು

ಕಳೆದ ಸಂಚಿಕೆಯಲ್ಲಿ ಕರಾರು ಪಾಲನೆಯ ಕುರಿತ ಜುಮಾ ಖುತ್ಬಾದ ಸಾರಾಂಶವನ್ನು ಪ್ರಕಟಿಸಿದ್ದೆವು. ಅದರಲ್ಲಿ 'ಅಮಾನ್' ಎಂಬ ಪದ ಬಂದಿತ್ತು. ಪರನಾಡಿನಿಂದ ಬಂದವನಿಗೆ "ನಿನ್ನ ಜೀವಕ್ಕೂ ಸೊತ್ತಿಗೂ ಇಲ್ಲಿ ಭಯವಿಲ್ಲ" ಎಂದು ಕೊಡುವ ಮಾತೇ ಅಮಾನ್. ಅದನ್ನು ಪಡೆದವನನ್ನು ನಮ್ಮ ಫಿಕ್ಹ್ ಗ್ರಂಥಗಳು ಮುಸ್ತಅಮಿನ್ ಎನ್ನುತ್ತವೆ. ಹಿಂದಿನ ಕಾಲದಲ್ಲಿ ಹೆಚ್ಚಿನ ಮುಸ್ತಅಮಿನರು ವ್ಯಾಪಾರಿಗಳೇ ಆಗಿದ್ದರು. ಸಾರಾಂಶ ಓದಿದ ಕೆಲವರು ನಮ್ಮನ್ನು ಕೇಳಿದರು: ಇದು ಅರಸರ ಕಾಲದ ವಿಷಯವಲ್ಲವೇ, ಇಂಥ ಮಾತು ಮುರಿದುಬಿದ್ದರೆ ಊರಿನಲ್ಲಿ ನಿಜವಾಗಿ ಏನಾಗುತ್ತಿತ್ತು?

ಕೇಳಿದವರಲ್ಲಿ ಹಲವರ ಮನೆಯ ಗಂಡಸರು ದುಬೈಯಲ್ಲೋ ಜಿದ್ದಾದಲ್ಲೋ ಅಂಗಡಿ ಇಟ್ಟುಕೊಂಡಿರುವವರು. ಪರದೇಶದಲ್ಲಿ ವ್ಯಾಪಾರ ಮಾಡುವುದೆಂದರೇನು ಎಂದು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಈ ಸಲ ಒಂದು ನಗರದ ಕಥೆಯನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ಆ ನಗರ ಕುಸ್ತುಂತುನಿಯ, ಇಂದಿನ ಇಸ್ತಾಂಬುಲ್. ಸೂರಃ ಅರ್‍ರೂಮ್ ಓದುವಾಗ ನೆನಪಾಗುವ ಆ ರೂಮ್ ಸಾಮ್ರಾಜ್ಯದ ರಾಜಧಾನಿ ಅದು. ಚರಿತ್ರೆಯ ಪುಸ್ತಕಗಳು ಅದನ್ನು ಬೈಝಾಂಟಿಯನ್ ಸಾಮ್ರಾಜ್ಯ ಎನ್ನುತ್ತವೆ. ಅಲ್ಲಿನವರ ಮಾತು ಗ್ರೀಕ್, ಧರ್ಮ ಕ್ರೈಸ್ತ, ಆದರೆ ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದುದು ರೋಮನರೆಂದು. ಈ ನಗರದ ಬಗ್ಗೆ ನಮ್ಮ ಮನೆಗಳಲ್ಲಿ ಎರಡು ಸಂಗತಿಗಳು ಎಲ್ಲರಿಗೂ ಗೊತ್ತು. ಒಂದು, ಅಬೂ ಅಯ್ಯೂಬ್ ಅನ್ಸಾರಿ(ರ) ಅವರು ಅದರ ಕೋಟೆಗೋಡೆಯ ಹೊರಗೆ ದಫನಾಗಿರುವುದು. ಇನ್ನೊಂದು, 1453ರಲ್ಲಿ ಸುಲ್ತಾನ್ ಮುಹಮ್ಮದ್ ಫಾತಿಹ್ ಅದನ್ನು ಗೆದ್ದದ್ದು. ಇವೆರಡರ ನಡುವೆ ಸುಮಾರು ಎಂಟು ಶತಮಾನಗಳಿವೆ. ಆ ಕಾಲದಲ್ಲಿ ಕೋಟೆಯ ಒಳಗೆ ಒಂದು ಮಸೀದಿ ಇತ್ತು, ಅಲ್ಲಿ ಖುತ್ಬಾ ನಡೆಯುತ್ತಿತ್ತು ಎಂದರೆ ಹೆಚ್ಚಿನವರು ಬೆರಗಾಗುತ್ತಾರೆ.

717-18ರಲ್ಲಿ ಉಮವೀ ಸೇನಾನಿ ಮಸ್ಲಮ ಇಬ್ನ್ ಅಬ್ದುಲ್ ಮಲಿಕ್ ನಗರಕ್ಕೆ ಮುತ್ತಿಗೆ ಹಾಕಿ ಗೆಲ್ಲಲಾಗದೆ ಮರಳಿದ್ದರು. ಅವರ ಬೇಡಿಕೆಯಂತೆಯೇ ಅಲ್ಲಿ ಮಸೀದಿ ಕಟ್ಟಲಾಯಿತೆಂದು 10ನೇ ಶತಮಾನದ ಚಕ್ರವರ್ತಿ 7ನೇ ಕಾನ್‌ಸ್ಟಂಟೈನ್ ತನ್ನ ಗ್ರಂಥದಲ್ಲಿ ಹೇಳುತ್ತಾನೆ. ನಿಜವಿರಲಿ ದಂತಕಥೆಯಿರಲಿ, ಮಸೀದಿಯಂತೂ ಇತ್ತು. 10ನೇ ಶತಮಾನದ ಕೊನೆಗೆ ಫಾತಿಮೀ ಖಲೀಫರೊಂದಿಗೆ ಆದ ಒಪ್ಪಂದದಂತೆ ಖುತ್ಬಾದಲ್ಲಿ ಅವರ ಹೆಸರು ಹೇಳಲಾಗುತ್ತಿತ್ತು. ಆ ಬಳಿಕ ಫಾತಿಮೀ ಖಲೀಫ ಹಾಕಿಮ್ ಜೆರುಸಲೇಮಿನಲ್ಲಿ ಕ್ರೈಸ್ತರ ಅತಿ ಪವಿತ್ರ ಇಗರ್ಜಿಯನ್ನು ಕೆಡವಿಸಿದ. 1027ರ ಒಪ್ಪಂದದಲ್ಲಿ ಎರಡನ್ನೂ ಜೊತೆಗೂಡಿಸಲಾಯಿತು: ಜೆರುಸಲೇಮಿನ ಇಗರ್ಜಿ ಮತ್ತೆ ಏಳಬೇಕು, ಕುಸ್ತುಂತುನಿಯದ ಮಸೀದಿ ಮತ್ತೆ ತೆರೆಯಬೇಕು. ಅಲ್ಲಿಯ ಅಲ್ಪಸಂಖ್ಯಾತರ ಕ್ಷೇಮಕ್ಕೆ ಇಲ್ಲಿಯ ಅಲ್ಪಸಂಖ್ಯಾತರು ಒತ್ತೆ ಎಂಬ ಈ ಲೆಕ್ಕಾಚಾರ ಹೊಸದೇನಲ್ಲ. 1049ರ ಹೊತ್ತಿಗೆ ಸಲ್ಜೂಕ್ ಸುಲ್ತಾನ್ ತುಗ್ರಿಲ್ ಬಲಶಾಲಿಯಾದಾಗ ಮಸೀದಿಯ ದುರಸ್ತಿಯಾಗಿ ಖುತ್ಬಾ ಬಗ್ದಾದಿನ ಅಬ್ಬಾಸೀ ಖಲೀಫರ ಹೆಸರಿಗೆ ಬದಲಾಯಿತು. 1189ರ ಸುಮಾರಿಗೆ ಸಲಾಹುದ್ದೀನ್ ಅಯ್ಯೂಬಿಯವರು ಒಬ್ಬ ಖತೀಬರನ್ನೂ ಮುಅದ್ದಿನರನ್ನೂ ಕುರ್‌ಆನ್ ಪಾರಾಯಣ ಮಾಡುವವರನ್ನೂ ಒಂದು ಮಿಂಬರನ್ನೂ ಹಡಗಿನಲ್ಲಿ ಅಲ್ಲಿಗೆ ಕಳಿಸಿಕೊಟ್ಟರು. ಅವರ ಜೊತೆಗಿದ್ದ ಬಹಾವುದ್ದೀನ್ ಇಬ್ನ್ ಶದ್ದಾದ್ ಇದನ್ನು ಬರೆದಿಟ್ಟಿದ್ದಾರೆ.

ಆ ಮಸೀದಿಯಲ್ಲಿ ನಮಾಝ್ ಮಾಡುತ್ತಿದ್ದವರಲ್ಲಿ ಸಿರಿಯ ಮತ್ತು ಈಜಿಪ್ಟಿನ ಕಡೆಯ ವ್ಯಾಪಾರಿಗಳು ಮುಖ್ಯರು. ಪರದೇಶಿ ವ್ಯಾಪಾರಿಯನ್ನು ಹೇಗೆ ಇರಿಸಿಕೊಳ್ಳಬೇಕೆಂಬುದರಲ್ಲಿ ರೂಮಿನ ಸರಕಾರ ಬಹಳ ಬಿಗಿ. 10ನೇ ಶತಮಾನದ ಆರಂಭದ ಒಂದು ನಿಯಮಾವಳಿ ಸಿಕ್ಕಿದೆ. ನಗರಾಧಿಕಾರಿಯ ಕೈಪಿಡಿ ಅದು. ಅದರಂತೆ ಸಿರಿಯದಿಂದ ರೇಷ್ಮೆ ತಂದವರು ಗೊತ್ತುಪಡಿಸಿದ ಛತ್ರದಲ್ಲೇ ಇಳಿಯಬೇಕು, ಸರಕನ್ನು ಅಲ್ಲಿಯೇ ಇಟ್ಟು ಮಾರಬೇಕು, ಮೂರು ತಿಂಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಆ ಛತ್ರಕ್ಕೆ ಗ್ರೀಕರು ಮಿತಾತೊನ್ ಎನ್ನುತ್ತಿದ್ದರು. ಉತ್ತರದಿಂದ ಬರುವ ರೂಸ್ ವ್ಯಾಪಾರಿಗಳಿಗೆ ಇನ್ನೂ ಬಿಗಿ: ಇರುವುದು ಕೋಟೆಯ ಹೊರಗೆ, ಒಳಬರುವುದು ಒಂದೇ ಬಾಗಿಲಿನಿಂದ, ಒಂದು ಸಲಕ್ಕೆ ಐವತ್ತು ಜನ, ಕೈಯಲ್ಲಿ ಆಯುಧವಿಲ್ಲದೆ. ವೀಸಾ, ಇಕಾಮ ಎಂದು ನಾವು ಇಂದು ಪರದಾಡುತ್ತೇವಲ್ಲ, ಅದರ ಅಜ್ಜ ಇದು. ಆದರೆ ಈ ಬಿಗಿಯಲ್ಲಿ ಒಂದು ರಕ್ಷಣೆಯೂ ಇತ್ತು. ಪರದೇಶಿ ಯಾರು, ಎಲ್ಲಿದ್ದಾನೆ, ಅವನಿಗೆ ಜವಾಬ್ದಾರ ಯಾರು ಎಂಬುದು ಸರಕಾರಕ್ಕೆ ತಿಳಿದಿರುತ್ತಿತ್ತು.

ಈ ವ್ಯವಸ್ಥೆ ಸಡಿಲವಾದದ್ದು ಇಟಲಿಯ ವ್ಯಾಪಾರಿಗಳ ವಿಷಯದಲ್ಲಿ.

11ನೇ ಶತಮಾನದ ಕೊನೆಗೆ ಚಕ್ರವರ್ತಿ ಅಲೆಕ್ಸಿಯೋಸ್ ಕೊಮ್ನೆನೋಸ್ ಇಕ್ಕಟ್ಟಿನಲ್ಲಿದ್ದ. ಪೂರ್ವದಿಂದ ಸಲ್ಜೂಕರು, ಪಶ್ಚಿಮದಿಂದ ನಾರ್ಮನರು. ಅವನ ಬಳಿ ಸಾಕಷ್ಟು ಯುದ್ಧನೌಕೆಗಳಿರಲಿಲ್ಲ. ವೆನಿಸಿನವರ ಬಳಿ ಇದ್ದವು. ಅವರ ಸಹಾಯಕ್ಕೆ ಪ್ರತಿಯಾಗಿ 1082ರಲ್ಲಿ ಅವನು ಒಂದು ಸನ್ನದು ಬರೆದುಕೊಟ್ಟ. ಊರಿನ ವ್ಯಾಪಾರಿ ಸರಕಿನ ಮೇಲೆ ನೂರಕ್ಕೆ ಹತ್ತರಂತೆ ಸುಂಕ ಕಟ್ಟಬೇಕಿತ್ತು. ವೆನಿಸಿನವರಿಗೆ ಆ ಸುಂಕವೇ ಇಲ್ಲ. ಜೊತೆಗೆ ಬಂದರಿನ ದಡದಲ್ಲೇ ಮನೆ, ಅಂಗಡಿ, ಹಡಗುಕಟ್ಟೆ, ಇಗರ್ಜಿ. 1111ರಲ್ಲಿ ಪೀಸಾದವರಿಗೂ 1155ರಲ್ಲಿ ಜಿನೋವದವರಿಗೂ ಸುಂಕವನ್ನು ನೂರಕ್ಕೆ ನಾಲ್ಕಕ್ಕೆ ಇಳಿಸಲಾಯಿತು. ಇವರನ್ನೆಲ್ಲ ಗ್ರೀಕರು ಒಟ್ಟಾಗಿ ಲ್ಯಾಟಿನರು ಎಂದರು, ಅರಬರು ಫ್ರಾಂಜ್ ಅಥವಾ ಫಿರಂಗಿ ಎಂದರು. ನಮ್ಮ ಕನ್ನಡದ 'ಪರಂಗಿ' ಅದರ ಸೋದರಪದ. ಪರಂಗಿ ಹಣ್ಣು ತಿನ್ನುವಾಗ ಯಾರೂ ಅದನ್ನು ಯೋಚಿಸುವುದಿಲ್ಲ, ಅಷ್ಟೆ.

ಒಂದೇ ಬೀದಿಯಲ್ಲಿ ಅಕ್ಕಪಕ್ಕ ಎರಡು ಅಂಗಡಿಗಳು, ಒಂದೇ ಸರಕು. ಒಬ್ಬ ಹತ್ತು ಕಟ್ಟುತ್ತಾನೆ, ಇನ್ನೊಬ್ಬ ಏನೂ ಕಟ್ಟುವುದಿಲ್ಲ. ಕಟ್ಟದವನು ಪರದೇಶಿ, ಬೇರೆ ಭಾಷೆಯವನು, ಬೇರೆ ಪಂಗಡದ ಇಗರ್ಜಿಗೆ ಹೋಗುವವನು. ಹೊಟ್ಟೆಕಿಚ್ಚು ಹುಟ್ಟಲು ಇದಕ್ಕಿಂತ ಹೆಚ್ಚೇನು ಬೇಕು? ಇಲ್ಲಿ ಒಂದು ಮಾತು ಹೇಳಲೇಬೇಕು. ರಿಯಾಯಿತಿಗೆ ಸಹಿ ಹಾಕಿದವನು ಚಕ್ರವರ್ತಿ. ಅದರ ಲಾಭ ಅರಮನೆಗೂ ಸಿಗುತ್ತಿತ್ತು, ಎಣ್ಣೆ, ದ್ರಾಕ್ಷಾರಸ, ಧಾನ್ಯ ಬೆಳೆದು ಮಾರುವ ದೊಡ್ಡ ಜಮೀನ್ದಾರರಿಗೂ ಸಿಗುತ್ತಿತ್ತು. ಆದರೆ ಜನರ ಕಣ್ಣಿಗೆ ಕಾಣುತ್ತಿದ್ದುದು ಅಂಗಡಿಯಲ್ಲಿ ಕೂತ ಪರಂಗಿ ಮಾತ್ರ.

ಪರಂಗಿಗಳೂ ಸಾಧುಗಳಾಗಿರಲಿಲ್ಲ. ಅಲೆಕ್ಸಿಯೋಸನ ಮಗ ಜಾನ್ ಸನ್ನದನ್ನು ನವೀಕರಿಸಲು ಒಪ್ಪದಿದ್ದಾಗ ವೆನಿಸಿನ ನೌಕಾಪಡೆ ಸಾಮ್ರಾಜ್ಯದ ದ್ವೀಪಗಳನ್ನು ಸುಲಿಯಿತು. 1126ರಲ್ಲಿ ಅವನು ಮಣಿದು ಹಳೆಯ ರಿಯಾಯಿತಿಗಳನ್ನು ಮರಳಿ ಕೊಟ್ಟ. ತಮ್ಮತಮ್ಮಲ್ಲೂ ಅವರು ಹೊಡೆದಾಡುತ್ತಿದ್ದರು. 1162ರಲ್ಲಿ ಪೀಸಾದವರು ವೆನಿಸಿನವರೊಡಗೂಡಿ ಜಿನೋವದವರ ಕೇರಿಗೆ ನುಗ್ಗಿ ಸೂರೆ ಮಾಡಿದರು. ಕೆಲವು ವರ್ಷಗಳ ಬಳಿಕ ವೆನಿಸಿನವರು ಮತ್ತೆ ಹಾಗೆಯೇ ಮಾಡಿದರು. ಆಗಿನ ಚಕ್ರವರ್ತಿ ಮ್ಯಾನುಯೆಲ್ ನಷ್ಟ ತುಂಬಿಕೊಡಿ ಎಂದ. ಅವರು ಒಪ್ಪಲಿಲ್ಲ, ನಿನ್ನ ತಂದೆಯ ಕಾಲದಲ್ಲಿ ಆದದ್ದನ್ನು ನೆನಪಿಸಿಕೋ ಎಂದು ಬೆದರಿಸಿದರೆಂದು ಮ್ಯಾನುಯೆಲನ ಕಾರ್ಯದರ್ಶಿ ಕಿನ್ನಮೋಸ್ ಬರೆಯುತ್ತಾನೆ.

ತಪ್ಪು ಮಾಡಿದವರನ್ನು ಹಿಡಿದು ವಿಚಾರಿಸುವುದು ಒಂದು ದಾರಿ. ಮ್ಯಾನುಯೆಲ್ ಬೇರೆ ದಾರಿ ಹಿಡಿದ. ಸಾಮ್ರಾಜ್ಯದ ಎಲ್ಲ ಪ್ರಾಂತ್ಯಗಳಿಗೂ ಗುಟ್ಟಾಗಿ ಆಜ್ಞೆ ಹೋಯಿತು. 1171ರ ಮಾರ್ಚ್ 12ರಂದು, ಒಂದೇ ದಿನ, ರಾಜಧಾನಿಯಲ್ಲೂ ದೂರದ ಬಂದರುಗಳಲ್ಲೂ ವೆನಿಸಿನವರು ಎಂಬ ಒಂದೇ ಕಾರಣಕ್ಕೆ ಸಿಕ್ಕವರನ್ನೆಲ್ಲ ಬಂಧಿಸಲಾಯಿತು. ಹಡಗು, ಸರಕು, ಮನೆ ಎಲ್ಲ ಜಪ್ತಿ. ರಾಜಧಾನಿಯೊಂದರಲ್ಲೇ ಹತ್ತು ಸಾವಿರ ಮಂದಿ ಎಂದು ವೆನಿಸಿನ ಒಂದು ವೃತ್ತಾಂತ ಹೇಳುತ್ತದೆ. ಸಂಖ್ಯೆ ದೊಡ್ಡದಾಗಿರಬಹುದು, ಆದರೆ ಸೆರೆಮನೆಗಳು ಸಾಲದೆ ಸನ್ಯಾಸಿ ಮಠಗಳಲ್ಲೂ ಕೂಡಿಹಾಕಬೇಕಾಯಿತು. ಮೊದಲು ಭರವಸೆ ಕೊಟ್ಟು ತಮ್ಮವರನ್ನು ಬರಮಾಡಿಕೊಂಡು ಆಮೇಲೆ ಹಿಡಿದರು ಎಂಬುದು ವೆನಿಸಿನವರ ದೂರು.

ಜಾಗ ಸಾಲದ್ದರಿಂದ ಕೆಲವರನ್ನು ಜಾಮೀನಿನ ಮೇಲೆ ಬಿಟ್ಟರು. ಅವರಲ್ಲಿ ಒಂದು ಗುಂಪು ರಾತ್ರೋರಾತ್ರಿ ದೊಡ್ಡ ಹಡಗೊಂದನ್ನೇರಿ ತಪ್ಪಿಸಿಕೊಂಡಿತು. ರೂಮಿನ ನೌಕೆಗಳು 'ಗ್ರೀಕ್ ಬೆಂಕಿ' ಎಂಬ ನೀರಿನಲ್ಲೂ ಆರದ ಬೆಂಕಿಯೊಂದಿಗೆ ಬೆನ್ನಟ್ಟಿದವು. ಇವರು ಬಟ್ಟೆಗಳನ್ನು ವಿನೆಗರ್‌ನಲ್ಲಿ ನೆನೆಸಿ ಹಡಗಿನ ಸುತ್ತ ಹೊದಿಸಿದ್ದರು, ಬೆಂಕಿ ಹತ್ತಲಿಲ್ಲ. ಉಳಿದವರು ವರ್ಷಗಟ್ಟಲೆ ಸೆರೆಯಲ್ಲಿ ಕಳೆದರು. ಒಂದು ಸಂಸಾರದ ಒಬ್ಬ ಗಂಡಸು ಒಂದು ವ್ಯಾಪಾರದ ಋತುವಿಗೆಂದು ಹೋಗಿ ಸಂಜೆಯೊಳಗೆ ಕೈದಿಯಾದರೆ, ಸಾಲ ತಂದು ಬಂಡವಾಳ ಹಾಕಿದ ಅವನ ಮನೆಯವರ ಪಾಡು ಏನು? ವೆನಿಸಿನಲ್ಲಿ ಅಂಥ ಮನೆಗಳು ಸಾಲುಸಾಲಾಗಿದ್ದವು.

ವೆನಿಸಿನ ಅಧಿಪತಿ ವಿತಾಲೆ ಮಿಕಿಯೆಲ್ ಸುಮಾರು 120 ಹಡಗುಗಳೊಂದಿಗೆ ಸೇಡಿಗೆ ಹೊರಟ. ಸಂಧಾನದ ಆಸೆ ತೋರಿಸಿ ಮ್ಯಾನುಯೆಲ್ ದಿನ ತಳ್ಳಿದ. ಖಿಯೋಸ್ ದ್ವೀಪದಲ್ಲಿ ತಂಗಿದ್ದ ಪಡೆಗೆ ಪಿಡುಗು ತಗುಲಿ ಸಾವಿರಾರು ಮಂದಿ ಸತ್ತರು. ಬರಿಗೈಯಲ್ಲಿ ಊರಿಗೆ ಮರಳಿದ ಅವನನ್ನು 1172ರಲ್ಲಿ ಅವನ ಜನರೇ ಬೀದಿಯಲ್ಲಿ ಕೊಂದರು. 1171ರ ಜಪ್ತಿಗೆ ಪರಿಹಾರವೆಂದು ಕೊನೆಗೆ ಒಪ್ಪಿಕೊಂಡ ಮೊತ್ತ 1,500 ಪೌಂಡ್ ಚಿನ್ನ. ಕಂತುಗಳು ಚಕ್ರವರ್ತಿಯಿಂದ ಚಕ್ರವರ್ತಿಗೆ ಬಾಕಿ ಉಳಿಯುತ್ತಲೇ ಹೋದವು.

ಇಷ್ಟರವರೆಗೆ ನಡೆದದ್ದು ಸರಕಾರದ ಕೆಲಸ. ಆಜ್ಞೆ, ಸಿಪಾಯಿ, ಸೆರೆಮನೆ, ಪಟ್ಟಿ. 1182ರಲ್ಲಿ ನಡೆದದ್ದು ಬೇರೆ.

1180ರಲ್ಲಿ ಮ್ಯಾನುಯೆಲ್ ತೀರಿಕೊಂಡ. ಮಗ ಇನ್ನೂ 11 ವರ್ಷದ ಹುಡುಗ. ಆಡಳಿತ ತಾಯಿ ಮರಿಯಾಳ ಕೈಗೆ ಬಂತು. ಅವಳು ಅಂತಿಯೋಕಿನ ಲ್ಯಾಟಿನ್ ರಾಜಮನೆತನದವಳು. ಅವಳೂ ಅವಳ ಮಂತ್ರಿಯೂ ಲ್ಯಾಟಿನರನ್ನು ಆಶ್ರಯಿಸಿದ್ದಾರೆ, ಊರನ್ನು ಅವರಿಗೆ ಮಾರುತ್ತಾರೆ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿತು. ಮ್ಯಾನುಯೆಲನ ದಾಯಾದಿ ಆಂದ್ರೋನಿಕೋಸ್ ಈ ಮಾತನ್ನೇ ಮೆಟ್ಟಿಲು ಮಾಡಿಕೊಂಡ. 1182ರ ವಸಂತದಲ್ಲಿ ಅವನು ಸೇನೆಯೊಡನೆ ಜಲಸಂಧಿಯ ಆಚೆ ದಡಕ್ಕೆ ಬಂದು ಕೂತ. ನೌಕಾಪಡೆ ಅವನ ಕಡೆ ಸೇರಿತು. ಮಂತ್ರಿಯನ್ನು ಹಿಡಿದು ಕಣ್ಣು ಕೀಳಲಾಯಿತು. ಆಮೇಲೆ ಊರಿನ ಜನ ಮತ್ತು ಆಂದ್ರೋನಿಕೋಸನ ಸಿಪಾಯಿಗಳು ಲ್ಯಾಟಿನರ ಕೇರಿಗಳತ್ತ ತಿರುಗಿದರು.

ಆಗ ಅಲ್ಲಿ ವೆನಿಸಿನವರು ಹೆಚ್ಚಿರಲಿಲ್ಲ. 1171ರ ಬಳಿಕ ಅವರು ಇನ್ನೂ ಪೂರ್ತಿ ಮರಳಿರಲಿಲ್ಲ. ಸಿಕ್ಕಿಬಿದ್ದವರು ಮುಖ್ಯವಾಗಿ ಪೀಸಾ ಮತ್ತು ಜಿನೋವದವರು. ಸುದ್ದಿ ಮೊದಲೇ ತಿಳಿದವರು, ಕೈಕಾಲು ಗಟ್ಟಿಯಿದ್ದವರು, 44 ಹಡಗುಗಳಲ್ಲಿ ತಪ್ಪಿಸಿಕೊಂಡರು ಎಂದು ಲ್ಯಾಟಿನ್ ಪಾದ್ರಿ ಟೈರಿನ ವಿಲಿಯಂ ಬರೆಯುತ್ತಾನೆ. ಉಳಿದವರು ಯಾರು? ಮುದುಕರು, ಹೆಂಗಸರು, ಮಕ್ಕಳು, ಕಾಯಿಲೆಯವರು. ಕೇರಿಗಳಿಗೆ ಬೆಂಕಿ ಬಿತ್ತು. ಸಂತ ಜಾನರ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ರೋಗಿಗಳನ್ನು ಅಲ್ಲಿಯೇ ಕೊಂದರು. ಪೋಪರ ಪ್ರತಿನಿಧಿಯಾಗಿ ಬಂದಿದ್ದ ಜಾನ್ ಎಂಬ ಪಾದ್ರಿಯ ತಲೆ ಕಡಿದು ನಾಯಿಯ ಬಾಲಕ್ಕೆ ಕಟ್ಟಿದರು. ಜೀವಂತ ಉಳಿದವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಮಾರಿದರೆಂದು ವಿಲಿಯಂ ಹೇಳುತ್ತಾನೆ. ಕೊಂಡುಕೊಂಡವರು ತುರ್ಕರು, ಅಂದರೆ ನಮ್ಮವರು. ಇದನ್ನು ಬಿಟ್ಟು ಬರೆಯುವುದು ನಮಗೆ ಸುಲಭವಿತ್ತು.

ಸಂಖ್ಯೆಗಳ ವಿಷಯದಲ್ಲಿ ಓದುಗರು ಎಚ್ಚರವಾಗಿರಬೇಕು. ನಗರದಲ್ಲಿ ಅರವತ್ತು ಸಾವಿರ ಲ್ಯಾಟಿನರಿದ್ದರೆಂದು ಥೆಸ್ಸಲೋನಿಕದ ಬಿಷಪ್ ಯೂಸ್ತಾಥಿಯೋಸ್ ಬರೆದಿದ್ದಾನೆ. ಮೊಬೈಲಿನಲ್ಲಿ ಹರಿದಾಡುವ ಬರಹಗಳು ಇದನ್ನೇ "ಅರವತ್ತು ಸಾವಿರ ಮಂದಿಯ ಕೊಲೆ" ಎಂದು ಮಾಡಿಬಿಡುತ್ತವೆ. ಇದ್ದವರ ಸಂಖ್ಯೆ ಬೇರೆ, ಸತ್ತವರ ಸಂಖ್ಯೆ ಬೇರೆ. ಆ ಅರವತ್ತು ಸಾವಿರವೇ ಉತ್ಪ್ರೇಕ್ಷೆ ಎಂದು ಇಂದಿನ ಹಲವು ಇತಿಹಾಸಕಾರರ ಅಭಿಪ್ರಾಯ. ವಿಲಿಯಂ ಲ್ಯಾಟಿನನಾದ್ದರಿಂದ ಅವನ ಮಾತಿನಲ್ಲಿ ಸಿಟ್ಟಿದೆ, ಅವನು ಆ ದಿನ ಊರಿನಲ್ಲಿ ಇರಲೂ ಇಲ್ಲ. ಆದರೆ ಯೂಸ್ತಾಥಿಯೋಸ್ ಗ್ರೀಕ್ ಬಿಷಪ್. ಅವನೂ ಇದನ್ನು ಖಂಡಿಸಿಯೇ ಬರೆದಿದ್ದಾನೆ ಎಂಬುದಕ್ಕೆ ತೂಕವಿದೆ.

ತಪ್ಪಿಸಿಕೊಂಡ ಹಡಗುಗಳು ಸುಮ್ಮನೆ ಊರಿಗೆ ಹೋಗಲಿಲ್ಲ. ದಾರಿಯುದ್ದಕ್ಕೂ ದಡದ ಊರುಗಳನ್ನೂ ದ್ವೀಪಗಳ ಮಠಗಳನ್ನೂ ಸುಟ್ಟು ಸುಲಿದವು. ರಾಜಧಾನಿಯ ಬೀದಿಯಲ್ಲಿ ಏನು ನಡೆಯಿತೆಂದೇ ತಿಳಿಯದ ಬೆಸ್ತರೂ ಸನ್ಯಾಸಿಗಳೂ ಅದರ ಬೆಲೆ ತೆತ್ತರು. 1185ರಲ್ಲಿ ಸಿಸಿಲಿಯ ನಾರ್ಮನರು ಸಾಮ್ರಾಜ್ಯದ ಎರಡನೆಯ ದೊಡ್ಡ ನಗರ ಥೆಸ್ಸಲೋನಿಕವನ್ನು ಹಿಡಿದು ಕೊಳ್ಳೆ ಹೊಡೆದರು. ಯೂಸ್ತಾಥಿಯೋಸನೇ ಅವರ ಸೆರೆಯಾಳಾದ. ಆ ಸುದ್ದಿಯಿಂದ ಕಂಗೆಟ್ಟ ರಾಜಧಾನಿಯ ಜನ ಅದೇ ವರ್ಷ ತಮ್ಮ ಆಂದ್ರೋನಿಕೋಸನನ್ನು ಹಿಂಸಿಸಿ ಕೊಂದರು. ಮೂರು ವರ್ಷಗಳ ಹಿಂದೆ ಜೈಕಾರ ಹಾಕಿ ಕರೆತಂದವರೇ ಅವರು.

ಇಷ್ಟು ಓದಿ ಯಾರಾದರೂ "ಕ್ರೈಸ್ತರ ನಗರ, ಕ್ರೈಸ್ತರ ಜಗಳ, ನಮಗೇನು" ಎಂದರೆ, ಕೈರೋದ ಒಂದು ಘಟನೆ ಹೇಳುತ್ತೇವೆ. 996ರ ಮೇ ತಿಂಗಳು, ಫಾತಿಮೀ ಖಲೀಫ ಅಝೀಝನ ಕಾಲ. ರೂಮಿನ ವಿರುದ್ಧ ಯುದ್ಧಕ್ಕೆ ಸಜ್ಜಾಗುತ್ತಿದ್ದ ಹಡಗುಗಳಿಗೆ ನೈಲ್ ನದಿಯ ದಡದಲ್ಲಿ ಬೆಂಕಿ ಬಿತ್ತು. ಬೆಂಕಿ ಇಟ್ಟವರು ಇಟಲಿಯ ಅಮಾಲ್ಫಿ ಊರಿನ ವ್ಯಾಪಾರಿಗಳು ಎಂದು ಯಾರೋ ಹೇಳಿದರು. ಯಾರು ಹೇಳಿದರು, ಏನು ಸಾಕ್ಷಿ, ಕೇಳುವವರಿರಲಿಲ್ಲ. ನಾವಿಕರೂ ಊರವರೂ ಸೇರಿ ಆ ವ್ಯಾಪಾರಿಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದರು, ಅವರ ದಾಸ್ತಾನು ದೋಚಿದರು. ಅವರೂ ಅಮಾನ್ ಪಡೆದು ಬಂದವರೇ. ಒಂದು ವ್ಯತ್ಯಾಸವಿದೆ: ಇಲ್ಲಿ ಆಡಳಿತ ಬೇಗನೆ ಎಚ್ಚೆತ್ತಿತು. ದೋಚಿದ ಸೊತ್ತು ಹಿಂದಿರುಗಿಸಬೇಕೆಂದು ಆಜ್ಞೆಯಾಯಿತು, ಸಿಕ್ಕವರಿಗೆ ಕಠಿಣ ಶಿಕ್ಷೆಯಾಯಿತು. ಅಮಾಲ್ಫಿಯವರು ಈಜಿಪ್ಟಿನೊಡನೆ ವ್ಯಾಪಾರವನ್ನು ಬಿಟ್ಟುಬಿಡಲಿಲ್ಲ ಎಂಬುದನ್ನೂ ಜೊತೆಗೆ ಗಮನಿಸಬೇಕು.

ನಮ್ಮ ಶರೀಅತ್ತಿನಲ್ಲಿ ಅಮಾನ್ ಕೊಡುವ ಹಕ್ಕು ಅರಸನೊಬ್ಬನದಲ್ಲ. ಮಕ್ಕಾ ವಿಜಯದ ದಿನ ಉಮ್ಮು ಹಾನಿ(ರ) ಅವರು ತಮ್ಮ ಮನೆಗೆ ಓಡಿಬಂದವರಿಗೆ ಅಭಯ ಕೊಟ್ಟಿದ್ದರು. ಅವರ ಸೋದರ ಅಲೀ(ರ) ಅದನ್ನು ಒಪ್ಪದಿದ್ದಾಗ ಅವರು ಪ್ರವಾದಿವರ್ಯರ(ಸ) ಬಳಿಗೆ ಹೋದರು. ಪ್ರವಾದಿವರ್ಯರು(ಸ) ಆ ಅಭಯವನ್ನು ಊರ್ಜಿತಗೊಳಿಸಿದರು. ಹೆಚ್ಚಿನ ವಿದ್ವಾಂಸರು ಇದರ ಆಧಾರದಲ್ಲೇ, ಮಹಿಳೆ ಕೊಟ್ಟ ಅಮಾನನ್ನೂ ಮುರಿಯುವಂತಿಲ್ಲ ಎಂದಿದ್ದಾರೆ. ನಿಯಮ ಅಷ್ಟು ಸ್ಪಷ್ಟ. ಕೈರೋದ ಗುಂಪಿಗೆ ಅದು ಗೊತ್ತಿರಲಿಲ್ಲವೆಂದಲ್ಲ, ಆ ಮಧ್ಯಾಹ್ನ ಬೇಕಾಗಿರಲಿಲ್ಲ.

ನಮ್ಮ ಕರಾವಳಿಯೂ ಈ ಕಥೆಗೆ ಹೊರತಲ್ಲ. ಇಲ್ಲಿ ಪರದೇಶಿ ವ್ಯಾಪಾರಿಗಳಾಗಿದ್ದವರು ಮುಸ್ಲಿಮರು. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಅದನ್ನು ಮಂಜರೂರ್ ಎಂದು ಕರೆದಿದ್ದಾನೆ. ಪರ್ಷಿಯ, ಯೆಮನಿನ ವ್ಯಾಪಾರಿಗಳು ಅಲ್ಲಿ ಇಳಿಯುತ್ತಿದ್ದರು. ಊರ ಪಕ್ಕದ ಕೇರಿಯಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು, ಅವರಿಗೊಬ್ಬ ಖಾಝಿಯೂ ಇದ್ದರು. ಊರವರಿಗೂ ಅವರಿಗೂ ಆಗಾಗ ಜಗಳ ಹತ್ತುತ್ತಿತ್ತಂತೆ. ಆಗ ಅರಸ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಏಕೆಂದರೆ ಅವನಿಗೆ ವ್ಯಾಪಾರಿಗಳು ಬೇಕಿತ್ತು. ಅರಸನ ದೊಡ್ಡ ಗುಣವನ್ನೇನೂ ಇಬ್ನ್ ಬತೂತ ಹೊಗಳುವುದಿಲ್ಲ, ಲೆಕ್ಕದ ಮಾತನ್ನಷ್ಟೇ ಹೇಳುತ್ತಾನೆ. ಮ್ಯಾನುಯೆಲನ ರಾಜಧಾನಿಯಲ್ಲಿ ಕಾಣದ ವಿವೇಕ ಆ ಲೆಕ್ಕದಲ್ಲಿದೆ ಎಂದು ನಮಗನಿಸುತ್ತದೆ.

ಈಗ ಮತ್ತೆ ಕುಸ್ತುಂತುನಿಯಕ್ಕೆ, ಆ ಮಸೀದಿಗೆ.

1203ರ ಬೇಸಿಗೆ. ಜೆರುಸಲೇಮಿಗೆಂದು ಹೊರಟ ನಾಲ್ಕನೆಯ ಶಿಲುಬೆ ಯುದ್ಧದ ಪಡೆ ದಾರಿ ತಪ್ಪಿಸಿಕೊಂಡು ರೂಮಿನ ರಾಜಧಾನಿಯ ಮುಂದೆ ಬೀಡುಬಿಟ್ಟಿತ್ತು. ಹಡಗುಗಳು ವೆನಿಸಿನವು. ಪಟ್ಟಕ್ಕಾಗಿ ಹೋರಾಡುತ್ತಿದ್ದ ರಾಜಕುಮಾರನೊಬ್ಬ ಹಣದ ಆಸೆ ತೋರಿಸಿ ಅವರನ್ನು ಕರೆತಂದಿದ್ದ. ಊರಿನಲ್ಲಿ ಮೊದಲಿನಿಂದಲೂ ಇದ್ದ ಅಮಾಲ್ಫಿ ಮತ್ತು ಪೀಸಾದ ವ್ಯಾಪಾರಿಗಳಲ್ಲಿ ಹಲವರು ಅದನ್ನೇ ತಮ್ಮ ಊರೆಂದುಕೊಂಡಿದ್ದವರು. ಪೀಸಾದವರಂತೂ ಆ ಜುಲೈಯಲ್ಲಿ ಗ್ರೀಕರ ಜೊತೆ ನಿಂತು ಕೋಟೆ ಕಾದಿದ್ದರು. ಹಾಗಿದ್ದೂ ಸಿಟ್ಟಿಗೆದ್ದ ಜನ ಅವರ ಮನೆಗಳನ್ನೂ ಸುಟ್ಟರು. ಮಿತ್ರರನ್ನು ಕೈಯಾರೆ ಶತ್ರುಗಳ ಪಾಳೆಯಕ್ಕೆ ಅಟ್ಟಿದ ಮೂರ್ಖತನವೆಂದು ಅದನ್ನು ಬಣ್ಣಿಸಿದವನು ಆ ಸಾಮ್ರಾಜ್ಯದ್ದೇ ಹಿರಿಯ ಅಧಿಕಾರಿ, ಇತಿಹಾಸಕಾರ ನಿಕೀತಾಸ್ ಖೊನಿಯಾತೆಸ್. ಮುಂದಿನ ಸಂಗತಿಗಳು ನಮಗೆ ತಿಳಿದಿರುವುದೂ ಅವನಿಂದಲೇ.

ಆಗಸ್ಟ್‌ನಲ್ಲಿ ವೆನಿಸ್, ಪೀಸಾ ಮತ್ತು ಫ್ಲಾಂಡರ್ಸಿನ ಕೆಲವರು ಬೆಸ್ತರ ದೋಣಿಗಳಲ್ಲಿ ಕೊಲ್ಲಿ ದಾಟಿ ಬಂದರು. ಬಂದರಿನ ಬಳಿಯಿದ್ದ ಮುಸ್ಲಿಮರ ಮಿತಾತೊನ್ ಮತ್ತು ಅಲ್ಲಿನ ಮಸೀದಿ ಅವರ ಗುರಿ. ಕತ್ತಿ ಹಿರಿದು ಒಳನುಗ್ಗಿ ಸೊತ್ತು ದೋಚಲು ತೊಡಗಿದರು. ಒಳಗಿದ್ದವರು ಯೋಧರಲ್ಲ, ವ್ಯಾಪಾರಿಗಳು. ಕೈಗೆ ಸಿಕ್ಕಿದ್ದನ್ನು ಹಿಡಿದು ಎದುರಿಸಿದರು. ಗದ್ದಲ ಕೇಳಿ ಸಹಾಯಕ್ಕೆ ಓಡಿಬಂದವರು ಯಾರು? ನೆರೆಯ ಗ್ರೀಕರು, ಕ್ರೈಸ್ತರು. ಬಹಳ ಮಂದಿಯೇನಲ್ಲ, ಬರಬೇಕಿದ್ದಷ್ಟು ಬರಲಿಲ್ಲ ಎಂದೇ ನಿಕೀತಾಸ್ ಬರೆಯುತ್ತಾನೆ. ಆದರೆ ಬಂದರು. ಇಪ್ಪತ್ತೊಂದು ವರ್ಷಗಳ ಹಿಂದೆ ಇದೇ ಊರಿನ ಬೀದಿಗಳಲ್ಲಿ ಆಸ್ಪತ್ರೆಯ ರೋಗಿಗಳನ್ನು ಕೊಂದದ್ದು ನೆನಪಿದ್ದರೆ, ಈ ಕೆಲವು ಜನ ಮಸೀದಿಯ ಬಾಗಿಲಿಗೆ ಬಂದು ನಿಂತದ್ದು ಸಣ್ಣ ವಿಷಯವೆನಿಸುವುದಿಲ್ಲ.

ದಾಳಿಕೋರರು ಹಿಮ್ಮೆಟ್ಟಬೇಕಾಯಿತು. ಹೋಗುವಾಗ ಅಲ್ಲಲ್ಲಿ ಬೆಂಕಿ ಇಟ್ಟರು. ಗಾಳಿ ಜೋರಾಗಿತ್ತು. ಆ ಬೆಂಕಿ ಎರಡು ದಿನಗಳಿಗೂ ಮಿಕ್ಕಿ ಉರಿದು, ನಗರವನ್ನು ಒಂದು ಸಮುದ್ರದ ದಡದಿಂದ ಇನ್ನೊಂದು ದಡದವರೆಗೆ ಸೀಳಿಕೊಂಡು ಹೋಯಿತು. ಅರಮನೆಯಂಥ ಮನೆಗಳು, ಅಂಗಡಿ ಬೀದಿಗಳು, ಇಗರ್ಜಿಗಳು ಬೂದಿಯಾದವು. ನಿಕೀತಾಸನ ದೊಡ್ಡ ಮನೆಯೂ ಉಳಿಯಲಿಲ್ಲ. ಶಿಲುಬೆ ಪಡೆಯ ನಾಯಕರಲ್ಲೊಬ್ಬನಾದ ವಿಲ್ಲಾರ್ದುವೆನ್ ತನ್ನ ಪುಸ್ತಕದಲ್ಲಿ ಈ ಬೆಂಕಿಯ ಭೀಕರತೆಯನ್ನು ಬಣ್ಣಿಸುತ್ತಾನೆ; ಇಟ್ಟವರು ಯಾರೋ ತನಗೆ ಗೊತ್ತಿಲ್ಲ ಎನ್ನುತ್ತಾನೆ. ಮಸೀದಿಯ ಸುದ್ದಿಯನ್ನೇ ಎತ್ತುವುದಿಲ್ಲ. ಇನ್ನು ಊರಿನಲ್ಲಿರುವುದು ಕ್ಷೇಮವಲ್ಲವೆಂದು ಅಳಿದುಳಿದ ಲ್ಯಾಟಿನ್ ನಿವಾಸಿಗಳು ಹೆಂಡತಿ ಮಕ್ಕಳೊಂದಿಗೆ ಆಚೆ ದಡದ ಪಾಳೆಯ ಸೇರಿದರು. ಅವರು ಹದಿನೈದು ಸಾವಿರ ಮಂದಿ ಎಂದು ಅವನೇ ಲೆಕ್ಕ ಕೊಡುತ್ತಾನೆ.

1204ರ ಏಪ್ರಿಲ್‌ನಲ್ಲಿ ಆ ಪಡೆ ಕೋಟೆ ಏರಿ ಮೂರು ದಿನ ನಗರವನ್ನು ಸುಲಿಯಿತು. ಇಗರ್ಜಿಗಳ ಬೆಳ್ಳಿ ಬಂಗಾರ ಕಿತ್ತರು, ಹೆಂಗಸರ ಮಾನ ಕಳೆದರು. ಇದನ್ನು ಬರೆಯುವಾಗ ನಿಕೀತಾಸನಿಗೆ ನೆನಪಾದದ್ದು ಹದಿನೇಳು ವರ್ಷಗಳ ಹಿಂದಿನ ಜೆರುಸಲೇಮ್. 1187ರಲ್ಲಿ ಅದನ್ನು ಗೆದ್ದ ಮುಸ್ಲಿಮರು ಅಲ್ಲಿನ ಲ್ಯಾಟಿನರೊಡನೆ ಹೀಗೆ ನಡೆದುಕೊಳ್ಳಲಿಲ್ಲ, ಅವರ ಹೆಂಗಸರನ್ನು ಕೆಡಿಸಲಿಲ್ಲ, ಅಲ್ಪ ಹಣ ಪಡೆದು ಹೋಗಲು ಬಿಟ್ಟರು ಎಂಬ ಅರ್ಥದಲ್ಲಿ ಅವನು ಬರೆಯುತ್ತಾನೆ. ಸಲಾಹುದ್ದೀನ್ ನಿಗದಿ ಮಾಡಿದ್ದು ಗಂಡಸಿಗೆ ಹತ್ತು ದೀನಾರ್, ಹೆಂಗಸಿಗೆ ಐದು. ಕಟ್ಟಲಾಗದೆ ಗುಲಾಮರಾದವರೂ ಸಾವಿರಾರು ಮಂದಿ ಇದ್ದರು. ಅದು ನಿಕೀತಾಸನ ಪುಸ್ತಕದಲ್ಲಿಲ್ಲ, ನಮ್ಮ ಅರಬ್ ಇತಿಹಾಸಕಾರರ ಪುಸ್ತಕಗಳಲ್ಲೇ ಇದೆ.

ಮನೆ ಸುಟ್ಟ ಮೇಲೆ ನಿಕೀತಾಸ್ ಹಾಗಿಯಾ ಸೋಫಿಯಾದ ಹತ್ತಿರ ಇನ್ನೊಂದು ಸಣ್ಣ ಮನೆಯಲ್ಲಿದ್ದ. ವೆನಿಸಿನ ಒಬ್ಬ ವ್ಯಾಪಾರಿಯನ್ನೂ ಅವನ ಹೆಂಡತಿಯನ್ನೂ ಅವನು ಹಿಂದೆ ತನ್ನ ಆಶ್ರಯದಲ್ಲಿ ಕಾಪಾಡಿದ್ದ. ಊರೆಲ್ಲ ಲ್ಯಾಟಿನರ ಮೇಲೆ ಹಲ್ಲು ಕಡಿಯುತ್ತಿದ್ದ ಕಾಲ ಅದು. ದೊಮೆನಿಕೋಸ್ ಎಂಬ ಆ ಮನುಷ್ಯನ ಕಸುಬು ದ್ರಾಕ್ಷಾರಸ ಮಾರುವುದು. ಸೂರೆಯ ಆ ದಿನಗಳಲ್ಲಿ ಅವನು ಸೈನಿಕನಂತೆ ಕವಚ ತೊಟ್ಟು ನಿಕೀತಾಸನ ಬಾಗಿಲಿಗೆ ಅಡ್ಡ ನಿಂತ. ಬಂದ ಸೈನಿಕರಿಗೆಲ್ಲ ಅವರವರ ಭಾಷೆಯಲ್ಲೇ, ಈ ಮನೆಯನ್ನು ತಾನು ಮೊದಲೇ ವಶಪಡಿಸಿಕೊಂಡಾಗಿದೆ, ಬೇರೆ ಕಡೆ ನೋಡಿಕೊಳ್ಳಿ ಎಂದ. ಗುಂಪು ದೊಡ್ಡದಾಗಿ ಇನ್ನು ತಡೆಯಲಾರೆ ಎನಿಸಿದಾಗ, ಮನೆಯವರನ್ನೆಲ್ಲ ತಾನು ಹಿಡಿದ ಕೈದಿಗಳೆಂಬಂತೆ ಕೈ ಹಿಡಿದು ಎಳೆದುಕೊಂಡು ಬೀದಿಗಳ ನಡುವೆ ನಡೆಸಿ ಬೇರೆ ಮನೆಗೆ ಸೇರಿಸಿದ. ಕೆಲವು ದಿನಗಳ ಬಳಿಕ ನಿಕೀತಾಸನ ಕುಟುಂಬ, ಎತ್ತಿಕೊಳ್ಳಬೇಕಾದ ಮಕ್ಕಳನ್ನು ಎತ್ತಿಕೊಂಡು, ತುಂಬುಗರ್ಭಿಣಿಯಾಗಿದ್ದ ಅವನ ಹೆಂಡತಿಯನ್ನು ನಡುವೆ ಇಟ್ಟುಕೊಂಡು, ಕೋಟೆಯ ಬಾಗಿಲು ದಾಟಿ ಹೊರಗೆ ನಡೆಯಿತು.